ಪೊಜ್ಜಾಲ್ಬಾ ಕಡೆಯ ಬೋಳು ಗೋಡೆ

ನಮ್ಮ ಮೊಂತೆಫೋಸ್ಕೊ ಊರಿನ ಗೋಪುರಕ್ಕೆ ಮೂರೇ ಕಡೆ ಗಡಿಯಾರ. ನಾಲ್ಕನೆಯ ಕಡೆ, ಅಂದರೆ ಎದುರು ಗುಡ್ಡದ ಪೊಜ್ಜಾಲ್ಬಾ ಊರಿಗೆ ಕಾಣುವ ಗೋಡೆ, ಬೋಳು. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಆ ಜನಕ್ಕೆ ನಾವು ಯಾಕೆ ಹೊತ್ತು ತೋರಿಸಬೇಕು?

ಗೋಪುರ ಕಟ್ಟುವ ಕಾಲಕ್ಕೆ ಬಿಳಿ ಕಲ್ಲು ಅವರ ಗಣಿಯಿಂದ ಬರುತ್ತಿತ್ತು. ಅರ್ಧ ಎದ್ದಿತ್ತು, ಅಷ್ಟರಲ್ಲಿ ಕುರಿ ಮೇಯಿಸುವ ಜಾಗಕ್ಕೆ ಜಗಳವಾಯಿತು. ಮೊಂಡು ಗೋಪುರ ಇಟ್ಟುಕೊಂಡು ಅಳಲಿ ಎಂದು ಪೊಜ್ಜಾಲ್ಬಾದವರು ಕಲ್ಲು ಕಳಿಸುವುದನ್ನೇ ನಿಲ್ಲಿಸಿಬಿಟ್ಟರು. ನಮ್ಮವರು ಅತ್ತರೇ? ಹೊಳೆಯ ಕೆಂಪು ಕಲ್ಲನ್ನು ಹೆಂಗಸರು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದರು. ಅದಕ್ಕೇ ಕೆಳಗೆ ಬಿಳಿ, ಮೇಲೆ ಕೆಂಪು. ಬರೀ ಹಟದಿಂದ ಎದ್ದು ನಿಂತ ಇಂಥ ಗೋಪುರ ಇಟಲಿಯಲ್ಲಿ ಇನ್ನೊಂದಿದ್ದರೆ ನನಗೆ ತೋರಿಸಿ. ಗಡಿಯಾರ ಕೂರಿಸುವಾಗ ಆ ಹೆಂಗಸರ ಮೊಮ್ಮಕ್ಕಳು ಒಂದು ಗೋಡೆ ಬೋಳು ಬಿಟ್ಟರು. ಸರಿಯಾಗಿಯೇ ಮಾಡಿದರು.

ಆ ಗಡಿಯಾರಕ್ಕೆ ಕೀಲಿ ಕೊಡುವುದು ನಮ್ಮ ಮನೆತನದ ಕೆಲಸ. ಅಪ್ಪನ ನಂತರ ನಾನು, ಸೆತ್ತಿಮಿಯಾ.

ಹೋದ ವರ್ಷದ ಭೂಕಂಪಕ್ಕೆ ಕೆಳಗಿನ ಬಿಳಿ ಭಾಗ ಬಿರುಕು ಬಿಟ್ಟಿತು. ರಿಪೇರಿಗೆ ಅದೇ ಗಣಿಯ ಕಲ್ಲೇ ಆಗಬೇಕು. ಗಣಿಯೋ, ಪೊಜ್ಜಾಲ್ಬಾದ ಕ್ವಿಂತೊನದು. ಚಳಿಗಾಲದೊಳಗೆ ಕಲ್ಲು ಸಿಗದಿದ್ದರೆ ಭಾರ ತಡೆಯದೆಂದು ಮೇಲಿನ ಕೆಂಪು ಭಾಗವನ್ನೇ ಕಳಚಿ ಇಳಿಸುವುದಂತೆ. ಪೆರೂಜಾ ನಗರದಿಂದ ಬಂದ ಆರ್ಕಿಟೆಕ್ಟ್ ಒಂದು ಉಪಾಯ ತೆಗೆದ: ಬೋಳು ಗೋಡೆಗೂ ಗಡಿಯಾರ ಹಾಕಿಸೋಣ, ಕ್ವಿಂತೊ ಖುಷಿಯಾಗಿ ಕಲ್ಲು ಕೊಡುತ್ತಾನೆ.

"ಅಕ್ಕಾ, ಒಪ್ಕೊಂಡ್ಬಿಡು," ಅಂದ ನನ್ನ ತಮ್ಮ ಒರಾಜಿಯೊ. ಅವನೇ ಊರಿನ ಮೇಯರ್.

"ನಿನ್ನ ಮೂತಿಗಿಷ್ಟು! ಆ ಪೊಜ್ಜಾಲ್ಬಾದವರಿಗೆ ಹೊತ್ತು ತೋರ್ಸೋಕೆ ಈ ಮಂಡಿ ನೋವಲ್ಲಿ ನಾನು ಮೆಟ್ಲು ಹತ್ಬೇಕಾ?"

"ಮತ್ತೆ ಕೆಂಪು ಕಲ್ಲು ಇಳಿಸ್ಲಾ? ನೀನೇ ಹೇಳು."

ಮನಸ್ಸಿಲ್ಲದಿದ್ದರೂ ಹೂಂ ಅಂದೆ. ಆ ಹೆಂಗಸರು ಹೊತ್ತ ಕಲ್ಲು ಉಳಿದರೆ ಸಾಕಿತ್ತು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಕ್ವಿಂತೊ ಬಂದ. ಚೌಕದಲ್ಲಿ ನಮ್ಮ ಮನೆ ಮುಂದಿನ ಮೇಜಿನ ಮೇಲೆ ಆರ್ಕಿಟೆಕ್ಟ್ ನಕ್ಷೆ ಹರಡಿದ. ಕ್ವಿಂತೊ ಕನ್ನಡಕ ಏರಿಸಿ ಬಗ್ಗಿ ನೋಡಿದ. ಅವನ ಕಿವಿ ಕೆಂಪಾಯಿತು.

"ಇದೇನಿದು ಗುಂಡಗೆ?"

"ಗಡಿಯಾರ. ನಿಮಗೋಸ್ಕರಾನೇ," ಅಂದ ಆರ್ಕಿಟೆಕ್ಟ್, ಹಲ್ಲು ಕಿರಿಯುತ್ತಾ.

"ಯಾರ್ರೀ ಕೇಳಿದ್ದು? ನಮ್ಮನೇಲಿ ಗಡಿಯಾರ ಇಲ್ವಾ? ಅಯ್ಯೋ ಪಾಪ ಅಂತ ಭಿಕ್ಷೆ ಹಾಕ್ತಿದೀರಾ?" ನನ್ನ ಕಡೆ ತಿರುಗಿದ. "ಏನಮ್ಮಾ ಸೆತ್ತಿಮಿಯಾ, ನೀನೂ ಇದಕ್ಕೆ ಒಪ್ಪಿದ್ಯಾ? ನಿನ್ನ ಜಂಭ ಎಲ್ಲಿ ಹೋಯ್ತು?"

ಜನ್ಮದಲ್ಲಿ ಮೊದಲ ಸಲ ಪೊಜ್ಜಾಲ್ಬಾದವನೊಬ್ಬನ ಎದುರು ನನಗೆ ನಾಚಿಕೆಯಾಯಿತು.

"ನಮ್ಮಜ್ಜ ನನ್ನನ್ನ ಕಿಟಕಿ ಹತ್ರ ಎತ್ಕೊಂಡು ಈ ಗೋಪುರ ತೋರಿಸ್ತಿದ್ದ," ಅಂದ ಕ್ವಿಂತೊ. "ಆ ಮೂರು ಗೋಡೆ ದಾರೀಲಿ ಹೋಗೋರಿಗೆಲ್ಲ, ಬೋಳು ಗೋಡೆ ಮಾತ್ರ ನಮ್ದು ಮಗಾ, ನಮ್ಮನ್ನೇ ನೆನೆಸ್ಕೊಂಡು ಕಟ್ಟಿದ್ದು ಅಂತಿದ್ದ. ಅದಕ್ಕೆ ಮುಳ್ಳು ಸಿಗಿಸಿದ್ರೆ ಒಂದು ಚೂರು ಕಲ್ಲೂ ಕೊಡಲ್ಲ, ಹೋಗ್ರೀ!"

ಆರ್ಕಿಟೆಕ್ಟ್ ಪಿಳಿಪಿಳಿ ಕಣ್ಣು ಬಿಟ್ಟ.

"ಬೋಳಾಗೇ ಬಿಟ್ರೆ?" ಅಂತ ಒರಾಜಿಯೊ ಮೆಲ್ಲಗೆ ಕೇಳಿದ.

"ಬಿಟ್ರೆ ನಾಳೆಯಿಂದಾನೇ ಲಾರಿ ಬರುತ್ತೆ."

ನನ್ನ ಕಣ್ಣು ತುಂಬಿತು. ಅವನ ಮುಂದೆ ಅಳುವುದುಂಟೇ? ದಡದಡ ಒಳಗೆ ಹೋಗಿ ವೈನ್ ತಂದೆ, ಲೋಟದ ತುಂಬ ಸುರಿದೆ.

"ಕುಡಿ. ನಿಮ್ಮೂರಿನದಕ್ಕಿಂತ ಚೆನ್ನಾಗಿದೆ."

ಗಟಗಟ ಕುಡಿದು ಮುಖ ಕಿವುಚಿದ. "ಥೂ, ಹುಳಿ!" ಅಂದು, ಖಾಲಿ ಲೋಟವನ್ನು ಮತ್ತೆ ನನ್ನ ಮುಂದೆ ಹಿಡಿದ.