ಪ್ಯಾಕೆಟ್ಟಿನ ಹಿಂಬದಿ

ಎರಡನೆಯ ಸಲವೂ ಅಮ್ಮ ಕಣ್ಣಿನ ಆಪರೇಷನ್ ಆಗದೆಯೇ ಮನೆಗೆ ಬಂದರು. ಆಸ್ಪತ್ರೆಯ ಹಸಿರು ಬಟ್ಟೆ ತೊಡಿಸಿಯಾಗಿತ್ತು, ಕಣ್ಣಿಗೆ ಹನಿ ಹಾಕಿಯೂ ಆಗಿತ್ತು. ಕೊನೆಗೆ ರಕ್ತದೊತ್ತಡ ನೋಡಿದರೆ ನೂರ ತೊಂಬತ್ತು! "ಇಷ್ಟು ಬಿ.ಪಿ. ಇದ್ರೆ ಕಣ್ಣಿಗೆ ಕೈ ಹಾಕೋಕಾಗಲ್ಲ" ಎಂದ ಡಾಕ್ಟರು ಮಾತ್ರೆ ಬದಲಿಸಿ, ಆರು ವಾರ ಬಿಟ್ಟು ಬರಲು ಹೇಳಿದರು.

ಮಗನಿಗೆ ದಿಕ್ಕೇ ತೋಚಲಿಲ್ಲ. ಪೊರೆ ಬಂದು ಅಮ್ಮನ ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದೂ ಅದೇ ಹಾದಿ ಹಿಡಿದಿತ್ತು. ಮೂರು ಮಹಡಿಯ ಮೆಟ್ಟಿಲನ್ನು ಗೋಡೆ ಸವರಿಕೊಂಡು ಇಳಿಯುತ್ತಿದ್ದರು. ಎಲ್ಲಿ ಜಾರಿ ಬೀಳುತ್ತಾರೋ ಎಂದು ಅವನಿಗೆ ಕೆಲಸದಲ್ಲೂ ಜೀವ ಅಲ್ಲೇ.

ಅವನಿದ್ದದ್ದು ದೊಡ್ಡ ದಿನಸಿ ಅಂಗಡಿಯೊಂದರ ಗೋದಾಮಿನಲ್ಲಿ. ಪ್ಯಾಕೆಟ್ಟುಗಳ ತಾರೀಕು ನೋಡಿ, ಅವಧಿ ಮುಗಿದದ್ದನ್ನು ಬೇರೆ ಹಾಕುವುದು ಅವನ ಕೆಲಸ. ಹನ್ನೆರಡು ವರ್ಷದಲ್ಲಿ ಹಳೆಯದೊಂದೂ ಅವನ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಜೊತೆಯವರು ಅವನನ್ನು ತಾರೀಕಪ್ಪ ಎಂದೇ ಕರೆಯುತ್ತಿದ್ದರು.

ಅವನ ರಜೆಯ ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಬಿ.ಪಿ. ನೋಡಲು ಮನೆಗೆ ಬಂದರು. ಅಮ್ಮನ ತೋಳಿಗೆ ಪಟ್ಟಿ ಸುತ್ತುತ್ತಾ ಕೇಳಿದರು, "ಉಪ್ಪು ಕಮ್ಮಿ ಮಾಡಿದೀರಾ ಅಮ್ಮ?"

"ಕಮ್ಮಿಯೇನು ಬಂತು! ಉಪ್ಪಿನ ಡಬ್ಬೀನೇ ಅಟ್ಟಕ್ಕೇರಿಸಿದಾನೆ ನನ್ನ ಮಗ. ಚಿಟಿಕೆ ಬೇಕಂದ್ರೂ ಏಣಿ ಹಾಕ್ಬೇಕು."

"ಹಾಗಾದ್ರೆ ಊಟಕ್ಕೇನು ಮಾಡ್ತೀರಿ?"

"ಉಪ್ಪಿಲ್ಲದ್ದು ಗಂಟಲಲ್ಲಿ ಇಳಿಯಲ್ಲಮ್ಮ. ಮಧ್ಯಾಹ್ನ ಬಿಸಿ ಮಾಡ್ಕೊಳ್ಳೋ ರೆಡಿ ಊಟ, ಸಂಜೆ ಪುಡಿ ಸೂಪು. ಭಾರೀ ರುಚಿ!"

ನರ್ಸಮ್ಮ ನಕ್ಕರು. "ಉಪ್ಪಿಲ್ದೆ ಆ ರುಚಿ ಎಲ್ಲಿಂದ ಬಂತು?"

ಮಗನಿಗೆ ಚುರುಕ್ಕೆಂದಿತು. ಕಪಾಟಿನಿಂದ ರೆಡಿ ಊಟದ ಪ್ಯಾಕೆಟ್ಟು ತಂದು ತೋರಿಸಿದ. "ಸಿಸ್ಟರ್, ನಾನು ತಾರೀಕು ನೋಡ್ದೆ ಒಂದನ್ನೂ ಮನೆಗೆ ತರಲ್ಲ. ಇದಕ್ಕೆ ಇನ್ನೂ ಏಳು ತಿಂಗಳು ಅವಧಿ ಇದೆ."

"ಪ್ಯಾಕೆಟ್ಟು ಕೆಡಲ್ಲ ಅಂತ ತಾರೀಕು ಹೇಳುತ್ತೆ ಅಣ್ಣ. ತಿಂದೋರಿಗೆ ಏನಾಗುತ್ತೆ ಅಂತ ಪ್ಯಾಕೆಟ್ಟಿನ ಹಿಂಬದಿ ಓದ್ಬೇಕು. ಸೋಡಿಯಂ ಅಂತ ಇದೆಯಾ ನೋಡಿ. ಉಪ್ಪಲ್ಲಿರೋದು ಅದೇ."

ಅವನು ಪ್ಯಾಕೆಟ್ಟು ತಿರುಗಿಸಿದ. "ಒಂಬೈನೂರು ಮಿಲಿಗ್ರಾಂ."

"ಇಡೀ ಪ್ಯಾಕೆಟ್ಟಿಗಾ?"

ಕಣ್ಣು ಕಿರಿದು ಮಾಡಿ ಮತ್ತೆ ಓದಿದ. ಸಾಲಿನ ಮೇಲೆ ಬೆರಳಾಡಿಸುತ್ತಾ ಹೋದ.

"ಮನಸ್ಸಲ್ಲೇ ಓದ್ಕೋಬೇಡಿ, ನಮಗೂ ಹೇಳಿ" ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ.

"ಅದು ಒಬ್ಬರ ಪಾಲಿಗಂತೆ. ಒಂದು ಪ್ಯಾಕೆಟ್ಟು ಇಬ್ಬರಿಗಂತೆ."

"ನಾನೊಬ್ಬಳೇ ತಿಂತೀನಲ್ಲೋ!" ಎಂದರು ಅಮ್ಮ.

"ಅಲ್ಲಿಗೆ ಸಾವಿರದ ಎಂಟುನೂರು" ಎಂದರು ನರ್ಸಮ್ಮ. "ದೊಡ್ಡವರಿಗೆ ಇಡೀ ದಿನಕ್ಕೆ ಎರಡು ಸಾವಿರದ ಒಳಗಿರಬೇಕು. ಸೂಪು ಇನ್ನೂ ಬಾಕಿ ಇದೆ."

ಸೂಪಿನ ಪ್ಯಾಕೆಟ್ಟನ್ನೂ ತಂದು ನೋಡಿದರೆ ಏಳುನೂರಿತ್ತು. ತಾರೀಕಪ್ಪ ಎರಡನ್ನೂ ಮೇಜಿನ ಮೇಲಿಟ್ಟು ಕೂತುಬಿಟ್ಟ. ದಿನಕ್ಕೆ ಸಾವಿರ ಪ್ಯಾಕೆಟ್ಟು ಹಿಡಿಯುವ ಕೈ ಅದು. ತಾರೀಕಿನ ಬದಿ ಬಿಟ್ಟು ಇನ್ನೊಂದು ಬದಿ ನೋಡಿರಲಿಲ್ಲ.

ಆದರೂ ಸೋಲಲು ಮನಸ್ಸಾಗಲಿಲ್ಲ. "ನಾವಿಬ್ರೂ ಏಳಕ್ಕೇ ಹೊರಡ್ತೀವಿ ಸಿಸ್ಟರ್. ಅಡುಗೆ ಮಾಡೋರು ಯಾರು?"

"ಮೃಷ್ಟಾನ್ನ ಮಾಡಿ ಅಂದ್ನಾ ನಾನು? ಸಂಜೆ ತರಕಾರಿ ಹೆಚ್ಚಿಡಿ. ಬೆಳಿಗ್ಗೆ ಬೇಳೆ ಜೊತೆ ಕುಕ್ಕರಿಗೆ ಹಾಕಿ. ಬೆಳ್ಳುಳ್ಳಿ, ಕಾಳುಮೆಣಸು, ನಿಂಬೆರಸ ಇರಲಿ, ಉಪ್ಪು ಚೂರೇ ಚೂರು. ಮತ್ತೆ, ಊಟ ಸರಿಹೋಯ್ತು ಅಂತ ಮಾತ್ರೆ ಮಾತ್ರ ಬಿಡಬೇಡಿ."

"ತರಕಾರಿ ಇವರೇ ಹೆಚ್ಚಲಿ. ನಾನು ಕುಕ್ಕರ್ ಇಡ್ತೀನಿ" ಎಂದು ಹೆಂಡತಿ ಅಲ್ಲೇ ತೀರ್ಮಾನ ಕೊಟ್ಟಳು.

ಮೊದಲ ವಾರ ಅವನು ಹೆಚ್ಚಿದ ಹೋಳನ್ನು ಮುಟ್ಟಿ ನೋಡಿ ಅಮ್ಮ, "ಸೌದೆ ಸೀಳಿದೀಯೇನೋ?" ಎಂದರು. ಸಪ್ಪೆ ಎಂದು ಮುಖ ಸಿಂಡರಿಸಿದರು. ಎರಡನೆಯ ವಾರ ಸುಮ್ಮನೆ ಉಂಡರು. ನಾಲ್ಕನೆಯ ವಾರ ಆಸೆಯಾಗಿ ಒಂದು ಗುಟುಕು ಪುಡಿ ಸೂಪು ಕುಡಿದವರು, "ಅಯ್ಯಪ್ಪಾ, ಇದೇನು ಸಮುದ್ರದ ನೀರಾ!" ಎಂದು ಬಟ್ಟಲು ದೂಡಿದರು. ನಾಲಿಗೆ ದಾರಿಗೆ ಬಂದಿತ್ತು.

ಮಾತ್ರೆಯನ್ನು ಡಾಕ್ಟರು ಬದಲಿಸಿದ್ದರು, ಊಟವನ್ನು ಮನೆಯವರು ಬದಲಿಸಿದರು. ಆರು ವಾರದ ನಂತರ ಬಿ.ಪಿ. ನೂರ ಮೂವತ್ತೆಂಟಕ್ಕೆ ಇಳಿದಿತ್ತು. ಅಂದೇ ಆಪರೇಷನ್ ಆಯಿತು.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಮಗ ಎದುರಿಗೇ ನಿಂತಿದ್ದ. ಅಮ್ಮ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. "ಎಲಾ ಇವನ! ತಲೆಯೆಲ್ಲ ಇಷ್ಟು ನರೆತಿದೆ, ಯಾರೂ ನನಗೆ ಹೇಳಲೇ ಇಲ್ಲವಲ್ಲ!"

ಅವನು ನಗುತ್ತಲೇ ಕಣ್ಣೊರೆಸಿಕೊಂಡ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಪಾಟಿನಲ್ಲೂ ಇಂಥ ರೆಡಿ ಊಟ ಇರಬಹುದು. ದುಡಿಯುವವರ ಮನೆಯಲ್ಲಿ ಅದು ಇರುವುದೇ, ನಾಚಬೇಕಾಗಿಲ್ಲ. ಎಲ್ಲ ಪ್ಯಾಕೆಟ್ಟೂ ವಿಷವಲ್ಲ, ಬಿ.ಪಿ.ಗೆ ಉಪ್ಪೊಂದೇ ಕಾರಣವೂ ಅಲ್ಲ. ಆದರೆ ದಿನವೂ ಅದನ್ನೇ ನಂಬಿ ಕೂರಬೇಡಿ. ಇವತ್ತೇ ಒಂದನ್ನು ತಿರುಗಿಸಿ ಸೋಡಿಯಂ ಎಷ್ಟು, ಎಷ್ಟು ಜನರ ಪಾಲು ಎಂದು ಓದಿ. ಅಕ್ಷರ ಸಣ್ಣದಾದರೆ ಮನೆಯವರಿಂದ ಓದಿಸಿ. ಬಿ.ಪಿ. ನೋಡಿಸಿ ಬಹಳ ದಿನವಾಗಿದ್ದರೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಬೇಡಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.