ಕೈಯಿಟ್ಟು ನೋಡಿದ ನೀರು

ರಾಧಾಕೃಷ್ಣರ ಬಲಗೈಯ ಮೂರು ಬೆರಳುಗಳ ತುದಿ ಮರಗಟ್ಟಿ ಮೂರು ತಿಂಗಳಾಗಿತ್ತು. ಮಲೇಶಿಯಾದ ಮೆಲಾಕಾ ಊರಿನ ಆಸ್ಪತ್ರೆಯೊಂದರಲ್ಲಿ ಅವರು ಶಸ್ತ್ರಚಿಕಿತ್ಸಕ. ಗೊತ್ತಾದರೆ ಆಪರೇಷನ್ ನಿಲ್ಲಿಸಬೇಕಾಗುತ್ತದೆಂದು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಮೋಹಿನಿಗೂ.

ಮಗಳು ಶ್ರೀಯಾಳ ಶಾಲೆಗೆ ರಜೆ ಸಿಕ್ಕಾಗ ಮೂವರೂ ಅದೇ ದೇಶದ ಸಬಾ ರಾಜ್ಯದ ತವಾವ್‌ಗೆ ಹೋದರು. ಊರಾಚೆ ತಾಳೆ ತೋಟಗಳನ್ನು ದಾಟಿದರೆ ಬಿಸಿನೀರಿನ ಬುಗ್ಗೆಗಳು. ಒಂದೆಡೆ ಬೂದುಬಣ್ಣದ ಕೆಸರು ಗಂಜಿಯಂತೆ ಕೊತಕೊತ ಕುದಿಯುತ್ತಿತ್ತು. ನೀರು ಕಡಿಮೆ, ಮಣ್ಣು ಹೆಚ್ಚು ಇರುವಲ್ಲಿ ಆವಿ ಹೀಗೆ ಗುಳ್ಳೆಯಾಗಿ ಏಳುತ್ತದೆ ಎಂದು ಮಾರ್ಗದರ್ಶಕಿ ವಿವರಿಸಿದಳು. ಶ್ರೀಯಾ ಗಂಧಕದ ವಾಸನೆಗೆ ಮೂಗು ಮುಚ್ಚಿಕೊಂಡೇ ಫೋಟೊ ತೆಗೆದಳು.

ಸ್ವಲ್ಪ ಕೆಳಗೆ ಕಾಲು ಇಳಿಬಿಡಲು ಕಲ್ಲು ಕಟ್ಟಿದ ಕೊಳವಿತ್ತು. ಉಡುಪಿಯ ಅವರ ಮನೆಯಲ್ಲಿ ಎಣ್ಣೆಸ್ನಾನದ ದಿನ ಹಂಡೆಯ ನೀರಿಗೆ ಮೊದಲು ಕೈಯಿಡುವುದು ಮನೆಯ ಹಿರಿಯರು. ಅವರು ಹೂಂ ಅಂದ ಮೇಲೆಯೇ ಮಕ್ಕಳ ಮೈಗೆ ನೀರು. ಮೆಲಾಕಾದಲ್ಲಿ ಗೀಸರ್ ಇದ್ದರೂ ಆ ಕ್ರಮ ಬಿಟ್ಟಿರಲಿಲ್ಲ. ಥರ್ಮಾಮೀಟರ್ ತರುವವರೆಗೆ ನಿಲ್ಲಿ ಎಂದಳು ಮಾರ್ಗದರ್ಶಕಿ. ಬೇಡ, ಇವರೇ ನೋಡುತ್ತಾರೆ ಎಂದು ಮೋಹಿನಿ ಗಂಡನತ್ತ ತಿರುಗಿದರು.

ಎಡಗೈ ಹಾಕಿದರೆ ಮೋಹಿನಿ ಯಾಕೆಂದು ಕೇಳಿಯಾಳು ಎಂದು ರಾಧಾಕೃಷ್ಣ ಬಲಗೈಯ ಆ ಮೂರು ಬೆರಳುಗಳ ತುದಿಯನ್ನೇ ಅದ್ದಿದರು.

“ಹದವಾಗಿದೆ. ಇಳಿ ಮಗಾ.”

ಶ್ರೀಯಾ ಕಾಲಿನ ಹೆಬ್ಬೆರಳು ತಾಗಿಸಿ ತಟ್ಟನೆ ಎಳೆದುಕೊಂಡಳು. “ಪಪ್ಪಾ, ದಿಸ್ ಈಸ್ ಬಾಯ್ಲಿಂಗ್ ಲಾ. ಸೂಪ್ ಮಾಡ್ತೀರಾ ನನ್ನ?”

ಮಾರ್ಗದರ್ಶಕಿ ತಂದ ಥರ್ಮಾಮೀಟರ್ ಐವತ್ತೆರಡು ಡಿಗ್ರಿ ತೋರಿಸಿತು. ಮೇಲಿನ ಬುಗ್ಗೆಯಿಂದ ಈಗಷ್ಟೇ ನೀರು ಬಿಟ್ಟಿದ್ದರಂತೆ; ಅರ್ಧ ಗಂಟೆ ಕಾಯಬೇಕಂತೆ. ಹುಡುಗಿಯ ಕಾಲಿಗೆ ಏನೂ ಆಗಿರಲಿಲ್ಲ. ಅಪ್ಪನ ಬೆರಳ ತುದಿಗಳು ಕೆಂಪಾಗಿದ್ದವು.

ಮೋಹಿನಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತಾರೆ. ತುರುಬಿನಿಂದ ಹೇರ್‌ಪಿನ್ ತೆಗೆದು, ಅದರ ಎರಡು ತುದಿಗಳನ್ನು ಅರ್ಧ ಸೆಂಟಿಮೀಟರ್ ಅಗಲಿಸಿ, ಗಂಡನ ಕೆಂಪಾದ ಬೆರಳೊಂದನ್ನು ಹಿಡಿದರು.

“ಕಣ್ಣು ಮುಚ್ಚಿ. ಎಷ್ಟು ತುದಿ ತಾಗ್ತಾ ಉಂಟು?”

“ಇಲ್ಲಿ ಎಂಥ ಮಾರಾಯ್ತಿ, ನಾನೇನು ನಿನ್ನ ಸ್ಟೂಡೆಂಟಾ?”

“ಅವ್ರಾದ್ರೆ ಬೇಗ ಹೇಳ್ತಾರೆ. ಎಷ್ಟು?”

“ಒಂದು.”

ಮೋಹಿನಿ ಅಂತರವನ್ನು ಒಂದು ಸೆಂಟಿಮೀಟರಿಗೆ ಹೆಚ್ಚಿಸಿದರು. ಉತ್ತರ ಆಗಲೂ ಒಂದೇ. ಎರಡೂ ಸಲ ಎರಡು ತುದಿಗಳೂ ಬೆರಳಿಗೆ ತಾಗಿದ್ದವು; ಸ್ಪರ್ಶ ಸರಿಯಿದ್ದ ಬೆರಳಿಗೆ ಅವು ಬೇರೆಬೇರೆಯಾಗಿ ಗೊತ್ತಾಗಬೇಕಿತ್ತು.

ಕಣ್ಣು ತೆರೆದ ರಾಧಾಕೃಷ್ಣರಿಗೆ ಬೆರಳ ಮೇಲೆ ಎರಡು ತುದಿಗಳೂ ಕಾಣಿಸಿದವು. ಎಂದಿನಿಂದ ಎಂದು ಮೋಹಿನಿ ಕೇಳಿದಾಗ ನಿಜ ಹೇಳಿದರು. ಆಮೇಲೆ ಎಷ್ಟು ಆಪರೇಷನ್ ಮಾಡಿದ್ದೀರಿ ಎಂಬುದಕ್ಕೆ ನಲವತ್ತೊಂದು ಎಂದರು. ಯಾರಿಗೂ ಏನೂ ಆಗಿಲ್ಲ ಎಂದೂ ಸೇರಿಸಿದರು. ಮೋಹಿನಿ ಮಗಳ ಪಾದ ಒರೆಸತೊಡಗಿದರು.

ರಾಧಾಕೃಷ್ಣ ಆ ಪಾದವನ್ನು ನೋಡಿ, ವಿಭಾಗದ ಮುಖ್ಯಸ್ಥ ಉಮಾನಾಥರಿಗೆ ಫೋನ್ ಮಾಡಿದರು. ಸೋಮವಾರದ ಆಪರೇಷನ್‌ಗಳನ್ನು ಬೇರೆಯವರಿಗೆ ವಹಿಸಿ ಎಂದರು. ರಜೆ ಇನ್ನೆರಡು ದಿನ ಬೇಕಾಯಿತೇ ಎಂದು ಉಮಾನಾಥ ತಮಾಷೆ ಮಾಡಿದರು.

“ರಜೆ ಅಲ್ಲ ಸರ್. ನನ್ನ ಬಲಗೈಗೆ ಸ್ಪರ್ಶ ಗೊತ್ತಾಗ್ತಾ ಇಲ್ಲ. ನೀವು ದಾಖಲೆಯಲ್ಲಿ ಬರೆದುಕೊಳ್ಳಿ.”