ನೋಡಾಕ ಚಂದ ಐತಿ, ಸಾಹೇಬ್ರ

“ಸಾಕ್ಷಿ ಐತಿ ಅಂದ್ರ ಸಾಹೇಬ ಗುಡ್ಡ ಏರಂಗಿಲ್ಲ,” ಎಂದು ಕೇರಿಯ ಹುಲುಗಪ್ಪ ಮೊದಲೇ ಹೇಳಿದ್ದ. “ನೋಡಾಕ ಚಂದ ಐತಿ ಅನ್ನು. ಏರ್ತಾನ.”

ಎರ್ರೆಮ್ಮ ಹಾಗೆಯೇ ಅಂದಳು. ಕಂಪ್ಲಿ ರಸ್ತೆಯ ಬಂಗಲೆಯ ಮೆಟ್ಟಿಲ ಕೆಳಗೆ ನಿಂತು ಅಂದಳು. ವಿಚಾರಣೆಗೆ ಬಂದಿದ್ದ ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ. ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದ ಅವರ ಹೆಂಡತಿ ಎತ್ತಿದರು.

“ಏನೇನು ಕಾಣುತ್ತೆ ಅಲ್ಲಿಂದ?”

“ಎಲ್ಲಾ ಕಾಣ್ತೈತ್ರಿ ಅಮ್ಮಾರ. ಹೊಳಿ, ಕಾಲುವಿ, ಗದ್ದಿ. ದೂರಕ್ಕ ಹಂಪಿ ಕಡೀಗಿನ ಗುಡ್ಡನೂ ಕಾಣ್ತಾವ.”

“ಹತ್ತೋದು ಕಷ್ಟನಾ?”

“ಅದೇನ್ ಕಷ್ಟರಿ. ಬಸುರಿ ಹೆಂಗಸ್ರು ಏರಿ ಗಾಳೆಮ್ಮಗ ಕಾಯಿ ಒಡಸ್ತಾರ.”

“ರೀ, ಕ್ಯಾಮೆರಾ ಹೇಗೂ ತಂದಿದ್ದೀವಲ್ಲ,” ಎಂದರು ಹೆಂಡತಿ. ಫೈಲು ಮುಚ್ಚಿತು.

ಆ ಫೈಲಿನಲ್ಲಿ ಎರ್ರೆಮ್ಮನ ಗಂಡ ಪಾಲಯ್ಯ ಇದ್ದ. ಹದಿನೆಂಟು ವರ್ಷ ಆ ಉಪಕಾಲುವೆಯ ನೀರಗಂಟಿಯಾಗಿದ್ದವನು. ತೂಬುಗಳ ಕೀಲಿ ಅವನ ಸೊಂಟದಲ್ಲಿ, ಯಾವ ತೂಬನ್ನು ಎಷ್ಟು ಹೊತ್ತು ತೆರೆಯಬೇಕೆಂಬ ಲೆಕ್ಕ ಅವನ ತಲೆಯಲ್ಲಿ. ಎಂಬತ್ತೆರಡನೆಯ ಇಸವಿಯ ಆ ಕಾರ್ತಿಕದಲ್ಲಿ, ಕಾಲುವೆಯ ಬಾಲದಲ್ಲಿದ್ದ ಅವರ ಹಳ್ಳಿಗೆ ಮೂರು ವಾರ ಹನಿ ನೀರು ಬರಲಿಲ್ಲ. ನೀರಗಂಟಿಯೇ ನೀರು ಮಾರಿಕೊಂಡ ಎಂದು ಮೇಲಿನ ಹೊಲಗಳ ಹೊನ್ನೂರಪ್ಪ ಧಣಿ ಅರ್ಜಿ ಬರೆಸಿದ. ಪಾಲಯ್ಯನ ಕೀಲಿ ಕಸಿದುಕೊಂಡರು. ಅಂದಿನಿಂದ ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಉಣ್ಣು ಅಂದರೆ ಉಣ್ಣುತ್ತಿದ್ದ. ಈಗ ಸಾಹೇಬರು ಬರೆಯುವ ಒಂದು ಸಾಲು ಅವನನ್ನು ಮತ್ತೆ ನೀರಗಂಟಿ ಮಾಡಬಹುದಿತ್ತು, ಇಲ್ಲವೇ ಸಾಯುವ ತನಕ ಕಳ್ಳನನ್ನಾಗಿ ಮಾಡಬಹುದಿತ್ತು.

ನೀರು ಎಲ್ಲಿ ಹೋಯಿತೆಂದು ಊರಿಗೆಲ್ಲ ಗೊತ್ತು. ಧಣಿ ಕಾಲುವೆಯ ಏರಿಯ ಹೊಟ್ಟೆಯಲ್ಲಿ ಮೂರು ಪೈಪು ಹೂಳಿಸಿದ್ದ. ಸರಕಾರದ ನಕ್ಷೆಯಲ್ಲಿ ಅವನದು ಕಡಿಮೆ ನೀರಿನ ಜೋಳ, ಹತ್ತಿ ಬೆಳೆಯುವ ಜಮೀನು. ಅವನು ನಾಟಿ ಮಾಡಿಸಿದ್ದು ಭತ್ತ. ಏರಿಯ ಮೇಲೆ ಜೀಪಿನಲ್ಲಿ ಹೋಗುವವರಿಗೆ ಜಾಲಿ ಮರಗಳ ಸಾಲು ಮಾತ್ರ ಕಾಣುತ್ತದೆ. ಪೈಪನ್ನು ಮಣ್ಣಿನಲ್ಲಿ ಹೂಳಬಹುದು. ಅರವತ್ತು ಎಕರೆ ಭತ್ತವನ್ನು ಹೂಳಲಾಗದು. ಗಾಳೆಮ್ಮನ ಗುಂಡು ಎಂದು ಕರೆಯುವ ಆ ಗುಡ್ಡದ ತುದಿಯಲ್ಲಿ ನಿಂತರೆ ಒಂದೇ ನೋಟಕ್ಕೆ ಸಿಗುತ್ತದೆ: ಮೇಲೆ ಹಸಿರು, ಕೆಳಗೆ ಒಣ ಕಾಲುವೆ.

ಹಿಂದಿನ ದಿನ ಎರ್ರೆಮ್ಮ ಕೇರಿಯಲ್ಲಿ ಮನೆಮನೆಗೆ ಹೋಗಿ ಹೇಳಿದ್ದಳು. ಸಾಹೇಬರು ಗುಂಡು ಏರುವ ಹೊತ್ತಿಗೆ ಎಲ್ಲರೂ ಒಣಗಿದ ಕಾಲುವೆಯೊಳಗೆ ಸಾಲಾಗಿ ನಿಲ್ಲಬೇಕು. ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಹಿಡಿಯಬೇಕು. ಅಷ್ಟು ದೂರದಿಂದಲೂ ಕಾಣಬೇಕು. ತನ್ನ ಗಂಡನ ಧೋತರವನ್ನು ಅವಳೇ ಹುಲುಗಪ್ಪನ ಕೈಗೆ ಕೊಟ್ಟಿದ್ದಳು.

“ನಿಂತೇ ನಿಲ್ತೀವಿ ಬೇ,” ಎಂದಿದ್ದ ಹುಲುಗಪ್ಪ. “ಪಾಲಯ್ಯ ನಮ್ಮ ಹೊಲಕ್ಕ ನೀರು ತಂದಾಂವ.”

ಗುಡ್ಡದ ಬುಡದಲ್ಲಿ ಧಣಿಯ ಆಳು ಮೂಕಣ್ಣ ಬುಟ್ಟಿ ಹೊತ್ತು ಕಾಯುತ್ತಿದ್ದ. ಹೆಸರಿಗೆ ಮೂಕಣ್ಣ, ಬಾಯಿ ಮಾತ್ರ ನಿಲ್ಲುವುದಲ್ಲ.

“ಧಣೇರು ಒಗ್ಗರಣಿ ಮಂಡಾಳು, ಮಿರ್ಚಿ ಕಳಿಸ್ಯಾರ್ರಿ ಸಾಹೇಬ್ರ. ಬಿಸಿಬಿಸಿ ಅದಾವ. ಗುಡ್ಡ ಏರಿದ್ರ ಹಸಿವು ಆಗತೈತಿ ಅಂದ್ರು,” ಎಂದವನು ಎರ್ರೆಮ್ಮನ ಕಡೆ ತಿರುಗಿದ. “ಏನ್ ಎರ್ರಕ್ಕ, ಗೈಡ್ ಆಗೀಯಲ್ಲ! ಹಂಪ್ಯಾಗ ಫಾರಿನ್ನೋರು ಕೈತುಂಬ ಕೊಡ್ತಾರಂತ ನೋಡು.”

ಎರ್ರೆಮ್ಮ ಮುಂದೆ ನಡೆದಳು.

ದಾರಿ ನಿಜಕ್ಕೂ ಸಲೀಸು. ಕುರಿ ಕಾಯುವವರು ತುಳಿದು ತುಳಿದು ನುಣುಪಾದದ್ದು. ಕಡಿದಾದ ಕಡೆ ಯಾರೋ ಬಂಡೆಯಲ್ಲಿ ಕಾಲಿಡುವಷ್ಟು ಕಚ್ಚು ಹೊಡೆದಿದ್ದರು. ಅರ್ಧ ಗಂಟೆಯ ಏರು. ಅಮ್ಮಾವರು ಎರಡು ಕಡೆ ಕುಳಿತು ನೀರು ಕುಡಿದರು. ಎರಡನೆಯ ಸಲ ಕುಳಿತಾಗ ಕೆಳಗಿನಿಂದ ಸದ್ದು ಬಂತು.

ಹಲಿಗೆಯ ಸದ್ದು.

ಎರ್ರೆಮ್ಮನ ಕಾಲು ನಿಂತಿತು. ಈ ತಿಂಗಳಲ್ಲಿ ಮದುವೆಯಿಲ್ಲ, ಊರಲ್ಲಿ ಸಾವಾಗಿಲ್ಲ. ಆ ಬಡಿತ ಒಂದಕ್ಕೇ ಬಾರಿಸುವುದು.

“ಏನದು?” ಎಂದರು ಅಮ್ಮಾವರು.

“ಗಂಗಮ್ಮಗ ಉಡಿ ತುಂಬಾಕ ಹತ್ಯಾರ್ರಿ,” ಎಂದ ಮೂಕಣ್ಣ, ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. “ನೀರು ಬಂದೈತಿ ಅಂತ ಕಾಣ್ತೈತಿ. ಭಾಳ ಚಲೋ ಆತು.”

ಎರ್ರೆಮ್ಮ ಅವನ ಮುಖ ನೋಡಿದಳು. ಅವನು ಬಂಡೆ ನೋಡುತ್ತಿದ್ದ. ನಿನ್ನೆ ಸಂಜೆಯೇ ಪೈಪಿನ ಬಾಯಿಗೆ ಗೋಣಿಚೀಲ ತುರುಕಿದ್ದರೆ ನೀರು ಬಾಲ ಮುಟ್ಟುವುದಕ್ಕೆ ಇಷ್ಟು ಹೊತ್ತು ಸಾಕು. ನೀರಗಂಟಿಯ ಹೆಂಡತಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಮಡಚಿ ಕುಳಿತ ಕಾಲಿನ ಹಾಗೆ ಎದೆ ಜೋಮು ಹಿಡಿದಿತ್ತು, ಚಿವುಟಿದರೂ ತನ್ನದಲ್ಲ. ಉಳಿದ ಇಪ್ಪತ್ತು ಮಾರು ಏರಿದಳು. ಏರದೆ ಏನು ಮಾಡುವುದು?

ತುದಿಯ ಬಂಡೆ ಹೊರಗೆ ಚಾಚಿತ್ತು. ಅದರ ಆಚೆ ನೇರ ಪ್ರಪಾತ, ಗಾಳಿ.

“ಅಯ್ಯೋ, ಎಷ್ಟು ಹಸಿರು ನೋಡ್ರೀ!” ಎಂದರು ಅಮ್ಮಾವರು.

ಹಸಿರಿತ್ತು. ಧಣಿಯ ಅರವತ್ತು ಎಕರೆ ಭತ್ತ ಹಾಸಿದ ಜಮಖಾನೆಯಂತೆ ಬಿದ್ದಿತ್ತು. ಅದರ ಪಕ್ಕದಲ್ಲಿ ಕಾಲುವೆ ಬಿಸಿಲಿಗೆ ಹೊಳೆಯುತ್ತ ಬಾಲದವರೆಗೂ ಹರಿದಿತ್ತು. ಬಾಲದಲ್ಲಿ ಅವಳ ಜನ. ಸಾಲಾಗಿ ನಿಂತಿರಲಿಲ್ಲ. ಹೆಂಗಸರು ನೀರಿಗಿಳಿದು ಅರಿಶಿನ ಕುಂಕುಮ ಬಿಡುತ್ತಿದ್ದರು. ಗಂಡಸರು ಸಲಿಕೆ ಹಿಡಿದು ತಮ್ಮ ತಮ್ಮ ಹೊಲದ ಮಡೆ ತೆರೆದು ನೀರು ಬಿಟ್ಟುಕೊಳ್ಳಲು ಓಡುತ್ತಿದ್ದರು. ಬಿಳಿ ಬಟ್ಟೆಗಳನ್ನು ಕೋಲಿನಿಂದ ಬಿಚ್ಚಿ ಗಂಗಮ್ಮನಿಗೆ ಮಡಿಹಾಸೆಂದು ದಂಡೆಯ ಮೇಲೆ ಹಾಸಿದ್ದರು. ಅದರಲ್ಲೊಂದು ಪಾಲಯ್ಯನ ಧೋತರ.

ಅವರನ್ನು ಬಯ್ಯಲು ಅವಳಿಗೆ ಬಾಯಿ ಬರಲಿಲ್ಲ. ಮೂರು ವಾರದ ಮೇಲೆ ಬಂದ ಗಂಗಮ್ಮನನ್ನು ಬರಿಗೈಯಲ್ಲಿ ಕಳಿಸುವ ಜನವಲ್ಲ ಅದು. ಕೆಳಗಿದ್ದಿದ್ದರೆ ತಾನೂ ಉಡಿ ತುಂಬುತ್ತಿದ್ದಳು.

“ಜಾನಪದ!” ಎಂದು ಅಮ್ಮಾವರು ಕ್ಯಾಮೆರಾ ಎತ್ತಿದರು.

“ಸಾಹೇಬ್ರ,” ಎಂದಳು ಎರ್ರೆಮ್ಮ. “ಆ ಹಸಿರು ನೋಡ್ರಿ. ನಿಮ್ಮ ನಕ್ಷಿದಾಗ ಅದು ಜೋಳದ ಹೊಲ. ಈಗ ಅಲ್ಲಿ ಭತ್ತ ಐತಿ. ಭತ್ತಕ್ಕ ನೀರು ಎಲ್ಲಿಂದ ಬಂತು, ಕೇಳ್ರಿ.”

ಸಾಹೇಬರು ಮಿರ್ಚಿ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ಬಹಳ ಹೊತ್ತು ಆ ಕಡೆ ನೋಡಿದರು. ಅವರಿಗೆ ಗೊತ್ತಾಯಿತು. ಗೊತ್ತಾಯಿತೆಂದು ಎರ್ರೆಮ್ಮನಿಗೂ ಗೊತ್ತಾಯಿತು. ಆಮೇಲೆ ಅವರು ಮಿರ್ಚಿ ಕಚ್ಚಿದರು.

“ದೇಶಕ್ಕೆ ಅಕ್ಕಿ ಬೇಡ್ವೇನಮ್ಮಾ?” ಎಂದರು. “ಅದಿರಲಿ. ಕೊನೇ ತೂಬಿಗೆ ನೀರು ಬರ್ತಿಲ್ಲ ಅಂತಲ್ವಾ ಗಲಾಟೆ? ಬಂದಿದೆಯಲ್ಲ.”

“ಇವತ್ತು ಬಂದೈತ್ರಿ.”

“ನಾನೂ ಇವತ್ತೇ ತಾನೇ ಬಂದಿರೋದು?”

ಮೂಕಣ್ಣ ನಕ್ಕ. ಸಾಹೇಬರು ನಗಲಿಲ್ಲ, ಕೈ ಒರೆಸಿಕೊಂಡು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದರು:

“ನೀನೇ ಯೋಚನೆ ಮಾಡು. ನಿನ್ನ ಗಂಡ ಇದ್ದಾಗ ನೀರು ಬರಲಿಲ್ಲ. ಅವನನ್ನ ತೆಗೆದ ಮೇಲೆ ಬಂತು. ನಾನು ಏನು ಬರೀಲಿ?”

ಅವಳ ಬಳಿ ಉತ್ತರವಿತ್ತು. ಮೂರು ಪೈಪು, ಮೂರು ಗೋಣಿಚೀಲ, ಬೇಕಾದರೆ ಈಗಲೇ ಇಳಿದು ಅಗೆದು ತೋರಿಸುತ್ತೇನೆ. ಎಲ್ಲವನ್ನೂ ಹೇಳಿದಳು ಕೂಡ. ಸಾಹೇಬರು ಕೈಗಡಿಯಾರ ನೋಡಿದರು. ಬಂಡೆಗೆ ಹೇಳಿದರೆ ಬಂಡೆಯಾದರೂ ಮಾತನ್ನು ಹಿಂದಕ್ಕೆ ಕೊಡುತ್ತದೆ.

“ಈ ಹೆಂಗಸನ್ನೂ ನಿಲ್ಲಿಸಿ ಒಂದು ತೆಗೀತೀನಿ,” ಎಂದರು ಅಮ್ಮಾವರು. “ಹಿಂದೆ ಹಸಿರು ಚೆನ್ನಾಗಿ ಬರುತ್ತೆ.”

ಅವಳು ನಿಂತಳು. ಕ್ಲಿಕ್ಕೆಂದಿತು. ಸಾಕ್ಷಿ ಪಟದಲ್ಲಿ ಬಿತ್ತು. ಯಾರದೋ ಮನೆಯ ಗೋಡೆಗೆ ಹೋಯಿತು.

ಮನೆಗೆ ಬಂದಾಗ ಪಾಲಯ್ಯ ಗೋಡೆಯ ಕಡೆಯಿಂದ ಇತ್ತ ತಿರುಗಿ ಕುಳಿತಿದ್ದ. ಹಲಿಗೆ ಅವನಿಗೂ ಕೇಳಿತ್ತು.

“ನೀರು ಎಲ್ಲೀಮಟ ಬಂತು?” ಎಂದ.

“ಕಡೇ ಹೊಲದ ಮಟ.”

ಅವನು ಎದ್ದು ಕಾಲುವೆಗೆ ಹೋದ. ಮೊಣಕೈವರೆಗೂ ನೀರಿನಲ್ಲಿ ಕೈ ಇಳಿಬಿಟ್ಟು ಆಳ ನೋಡಿದ. ಹಾಗೆಯೇ ಮನೆಗೆ ಮರಳಿದ.

“ಮೂರೂ ಮುಚ್ಯಾರ,” ಎಂದ. “ಸಾಹೇಬ ಹೋಗೂಮಟ ಬರತೈತಿ.”

ಮತ್ತೆ ಗೋಡೆಯ ಕಡೆ ತಿರುಗಿದ. ಅವಳು ಮುದ್ದೆ ಕಟ್ಟಿದಳು. ಉಣ್ಣು ಅಂದಳು. ಉಂಡ.

ಮರುದಿನ ಮಧ್ಯಾಹ್ನ ಸಾಹೇಬರ ಜೀಪು ಹೋಯಿತು. ಅದರ ಮರುದಿನ ಬೆಳಿಗ್ಗೆ ಕಾಲುವೆಯ ತಳದಲ್ಲಿ ಕೆಸರಿತ್ತು. ಕೆಸರಿನಲ್ಲಿ ಒಂದೆರಡು ಹಸಿರು ಬಳೆ, ಕೊಳೆತ ಬಾಳೆಹಣ್ಣು. ಎರ್ರೆಮ್ಮ ದಂಡೆಯಿಂದ ಧೋತರವನ್ನು ಎತ್ತಿಕೊಂಡಳು. ಕೋಲಿಗೆ ಕಟ್ಟಿದಳು. ಕೆಸರಿಗಿಳಿದು, ಕಾಲುವೆಯ ನಡುವೆ ಗುಂಡಿನ ಕಡೆ ಮುಖ ಮಾಡಿ ನಿಂತಳು.

ಸಲಿಕೆ ಹಿಡಿದು ಬಂದ ಹುಲುಗಪ್ಪ ದಂಡೆಯ ಮೇಲೆಯೇ ನಿಂತ.

“ಈಗ್ಯಾರು ನೋಡ್ತಾರಬೇ? ಗುಡ್ಡದ ಮ್ಯಾಲ ನರಮನುಷ್ಯ ಇಲ್ಲ.”

“ನಿಂತೇ ನಿಲ್ತೀವಿ ಅಂದಿದ್ದಿ,” ಎಂದಳು ಎರ್ರೆಮ್ಮ, ಅವನ ಕಡೆ ತಿರುಗದೆ. “ನಿಲ್ಲು.”

ಅವನು ಸಲಿಕೆಯನ್ನು ದಂಡೆಯ ಮಣ್ಣಿಗೆ ಊರಿದ. ಆಮೇಲೆ ಚಪ್ಪಲಿ ಬಿಟ್ಟು ಕೆಸರಿಗಿಳಿದ.